ಬಿದ್ದ ಜಾಗಕ್ಕೆ ಮರಳಿ ಹೋಗೋಣ



ಸಂತ ಯೊವಾನ್ನರ ಶುಭಸಂದೇಶದಲ್ಲಿ ಇದ್ದಲಿನ ಬೆಂಕಿ ಎರಡೇ ಕಡೆ ಉರಿಯುತ್ತದೆ. ಮೊದಲನೆಯದು 18ನೇ ಅಧ್ಯಾಯದಲ್ಲಿ, ಪ್ರಧಾನ ಯಾಜಕನ ಅಂಗಳದಲ್ಲಿ. ಅಲ್ಲಿ ಚಳಿ ಕಾಯಿಸಿಕೊಳ್ಳುತ್ತಾ ನಿಂತಿದ್ದಾಗಲೇ ಪೇತ್ರನು ತನ್ನ ಪ್ರಭುವನ್ನು ಅಲ್ಲಗಳೆದ. ಎರಡನೆಯದು 21ನೇ ಅಧ್ಯಾಯದಲ್ಲಿ, ತಿಬೇರಿಯ ಸರೋವರದ ದಡದಲ್ಲಿ. ಪುನರುತ್ಥಾನರಾದ ಪ್ರಭು ಬೆಂಕಿಯ ಮೇಲೆ ಮೀನಿಟ್ಟು, ರೊಟ್ಟಿಯೊಡನೆ ಶಿಷ್ಯರಿಗಾಗಿ ಕಾದಿದ್ದರು. ಮೂರು ಸಲ ಅಲ್ಲಗಳೆದವನನ್ನು, ನನ್ನ ಮೇಲೆ ಪ್ರೀತಿ ಇದೆಯೇ ಎಂದು ಮೂರು ಸಲ ಕೇಳಿದರು. ಮೂಲ ಗ್ರೀಕ್ ಭಾಷೆಯಲ್ಲಿ ಇದ್ದಲಿನ ಬೆಂಕಿಗೆ ಬಳಸಿರುವ ಆ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡು ಕಡೆ ಮಾತ್ರ. ಪೇತ್ರನು ಯಾವ ಬೆಂಕಿಯ ಬಳಿ ಬಿದ್ದನೋ, ಅಂಥದೇ ಬೆಂಕಿಯ ಬಳಿಗೆ ಪ್ರಭು ಅವನನ್ನು ಮರಳಿ ಕರೆದರು.

ಈ ಮಾತನ್ನು ಇಂದು ಒಂದು ವಿಡಿಯೊ ಗೇಮ್ ಮೂಲಕ ವಿವರಿಸಲು ಬಯಸುತ್ತೇನೆ. ಹಿರಿಯರು ಹುಬ್ಬೇರಿಸದೆ ಸ್ವಲ್ಪ ತಾಳ್ಮೆಯಿಂದ ಓದಬೇಕು.

ಚಾಮರಾಜನಗರಕ್ಕೆ ಸಮೀಪದ ಹರದನಹಳ್ಳಿಯಲ್ಲಿ ಒಂದು ಕುಟುಂಬವನ್ನು ಭೇಟಿ ಮಾಡಲು ಹೋಗಿದ್ದೆ. ಮನೆಯ ಹುಡುಗ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿದ್ದ. ಮತ್ತೆ ಪರೀಕ್ಷೆ ಕಟ್ಟಲು ಒಪ್ಪುತ್ತಿರಲಿಲ್ಲ. "ಮೂರು ಹೊತ್ತೂ ಆ ಕಂಪ್ಯೂಟರ್ ಮುಂದೇನೆ ಕೂತಿರ್ತಾನೆ ಫಾದರ್, ನೀವೇ ಬುದ್ಧಿ ಹೇಳಿ" ಎಂದರು ತಾಯಿ. ಬುದ್ಧಿ ಹೇಳುವ ಮೊದಲು, ಅದೇನು ಆಡುತ್ತೀಯೋ ನನಗೂ ತೋರಿಸು ಎಂದೆ.

ಆಟದ ಹೆಸರು 'ಹಾಲೋ ನೈಟ್'. ಆಸ್ಟ್ರೇಲಿಯಾದ ಅಡಿಲೇಡ್ ನಗರದ 'ಟೀಮ್ ಚೆರ್ರಿ' ಎಂಬ ಸಣ್ಣ ತಂಡ 2017ರಲ್ಲಿ ಹೊರತಂದದ್ದು. ಕೈಯಲ್ಲೇ ಬಿಡಿಸಿದ ಮುದ್ದಾದ ಚಿತ್ರಗಳು. ನೆಲದೊಳಗೆ ಪಾಳುಬಿದ್ದ ಹುಳುಗಳ ರಾಜ್ಯ. ಅದರೊಳಗೆ ದಾರಿ ಹುಡುಕುತ್ತಾ ಜಿಗಿಯುತ್ತಾ ಸಾಗುವ ಒಬ್ಬ ಪುಟ್ಟ ವೀರ. ನೋಡಲು ಎಷ್ಟು ಚೆಂದವೋ ಆಡಲು ಅಷ್ಟೇ ಕಷ್ಟ. ನನ್ನ ಕಣ್ಣೆದುರೇ ಹುಡುಗ ಒಂದೇ ಜಾಗದಲ್ಲಿ ಎಷ್ಟೋ ಸಲ ಸೋತ. ಪ್ರತಿ ಸಲವೂ ಮತ್ತೆ ಅಲ್ಲಿಗೇ ಹೋದ.

ಏಕೆಂದರೆ ಆ ಆಟದ ನಿಯಮವೇ ಹಾಗಿದೆ. ವೀರನು ಸತ್ತರೆ ಅವನು ಗಳಿಸಿದ್ದ ಹಣವೆಲ್ಲ ಸತ್ತ ಜಾಗದಲ್ಲೇ ಉಳಿಯುತ್ತದೆ. ಅಲ್ಲಿ ಅವನದೇ ಕಪ್ಪು ನೆರಳೊಂದು ಕಾದು ನಿಂತಿರುತ್ತದೆ. ಮರಳಿ ಹೋಗಿ ಆ ನೆರಳನ್ನು ಎದುರಿಸಿ ಗೆದ್ದರೆ ಕಳೆದುಕೊಂಡದ್ದು ಸಿಗುತ್ತದೆ.

"ಇಷ್ಟು ಸಲ ಬಿದ್ದರೂ ಇಲ್ಲಿಗೆ ವಾಪಸ್ ಹೋಗ್ತೀಯಲ್ಲ, ಪರೀಕ್ಷೆಗೆ ಯಾಕಪ್ಪಾ ಹೋಗಲ್ಲ?" ಎಂದು ಕೇಳಿದೆ. ಅವನು ತಲೆಯೆತ್ತದೆ ಹೇಳಿದ: "ಇಲ್ಲಿ ಬಿದ್ರೆ ಯಾರೂ ನೋಡಲ್ಲ ಫಾದರ್. ಅಲ್ಲಿ ಬಿದ್ರೆ ಊರೇ ನೋಡ್ತದೆ."

ಪ್ರಿಯ ತಂದೆತಾಯಂದಿರೇ, ಈ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. 2024ರಲ್ಲಿ ನಮ್ಮ ರಾಜ್ಯವು ಒಂದೇ ವರ್ಷದಲ್ಲಿ ಮೂರು ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವ ಅವಕಾಶ ತಂದಿತು. ಸರ್ಕಾರವೇ ಮತ್ತೊಂದು ಅವಕಾಶ ಕೊಡುವಾಗ ಮನೆ ಕೊಡುತ್ತಿದೆಯೇ? ಪಕ್ಕದ ಮನೆಯ ಮಗುವಿನ ಅಂಕಗಳನ್ನು ಊಟದ ತಟ್ಟೆಯ ಮುಂದೆ ಎತ್ತಿ ಆಡುವವರು ಯಾರು? ಫಲಿತಾಂಶ ಬಂದ ದಿನ ಮಗು ಮನೆಗೆ ಬರಲು ಹೆದರುವುದು ಯಾರಿಗೆ? ಸೋತ ಮಗುವಿನ ಎದುರು ಅದರ ನೆರಳಾಗಿ ಕಾದು ನಿಂತವರು ಕೆಲವೊಮ್ಮೆ ನಾವೇ ಆಗಿರುತ್ತೇವೆ.

ಅದೇ ಆಟದಲ್ಲಿ ಇನ್ನೊಂದು ವಿಷಯ ಗಮನಿಸಿದೆ. ಅಲ್ಲಲ್ಲಿ ಒಂದೊಂದು ಬೆಂಚು ಇದೆ. ಸತ್ತ ವೀರ ಕೊನೆಯ ಸಲ ಕುಳಿತಿದ್ದ ಬೆಂಚಿನಲ್ಲಿಯೇ ಮತ್ತೆ ಕಣ್ಣು ತೆರೆಯುತ್ತಾನೆ. ಅದರ ಮೇಲೆ ಕುಳಿತರೆ ಗಾಯ ಮಾಯುತ್ತದೆ. ಅಷ್ಟೇ ಅಲ್ಲ, ತಾನು ನಡೆದ ಹೊಸ ದಾರಿ ನಕ್ಷೆಯಲ್ಲಿ ಮೂಡುವುದೂ ಬೆಂಚಿನ ಮೇಲೆ ಕುಳಿತಾಗಲೇ. ಓಡುತ್ತಲೇ ಇದ್ದವನಿಗೆ ತಾನು ಎಲ್ಲೆಲ್ಲಿ ಅಲೆದೆ ಎಂಬ ಗುರುತು ಸಿಗದು.

ಕ್ರೈಸ್ತ ಮನೆ ಅಂಥ ಬೆಂಚಾಗಬೇಕು. ಬಿದ್ದವನು ಬಂದು ಕುಳಿತು, ಗಾಯ ಮಾಯಿಸಿಕೊಂಡು, ಮತ್ತೆ ಹೊರಡುವ ಸ್ಥಳವಾಗಬೇಕು. ಲೊಯೋಲಾದ ಸಂತ ಇಗ್ನೇಷಿಯಸರು ಪ್ರತಿದಿನ ಆತ್ಮಶೋಧನೆ ಮಾಡಬೇಕೆಂದು ಕಲಿಸಿದ್ದು ಇದನ್ನೇ: ಕುಳಿತುಕೊಳ್ಳಿ, ದಿನವನ್ನು ಹಿಂತಿರುಗಿ ನೋಡಿ, ದೇವರ ಕೃಪೆ ಎಲ್ಲಿತ್ತು, ನಾನು ಎಲ್ಲಿ ಎಡವಿದೆ ಎಂದು ಗುರುತಿಸಿ. ಹರದನಹಳ್ಳಿಯವರಿಗೆ ಇದು ಹೊಸದಾಗಿ ಹೇಳಬೇಕಾದ್ದೇನಲ್ಲ. ತೋಟದಲ್ಲಿ ತಪಸ್ಸಿಗೆ ಕುಳಿತದ್ದರಿಂದಲೇ ಹೆಸರಾದ ತೋಂಟದ ಸಿದ್ಧಲಿಂಗ ಯತಿಗಳ ಊರು ಅದು.

ಆದರೆ ಹೋಲಿಕೆಗೂ ಒಂದು ಮಿತಿ ಉಂಟು. ಆ ಆಟದಲ್ಲಿ ಕಳೆದದ್ದನ್ನು ಮರಳಿ ಪಡೆಯುವ ಮೊದಲೇ ಇನ್ನೊಮ್ಮೆ ಸತ್ತರೆ ಮುಗಿಯಿತು, ಹಣವೆಲ್ಲ ಶಾಶ್ವತವಾಗಿ ನಷ್ಟ. ದೇವರ ಕರುಣೆಗೆ ಅಂಥ ಲೆಕ್ಕವಿಲ್ಲ. ಎಷ್ಟು ಸಲ ಕ್ಷಮಿಸಬೇಕು ಎಂದು ಕೇಳಿದ ಪೇತ್ರನಿಗೆ ಪ್ರಭು ಎಣಿಸಲಾಗದಷ್ಟು ದೊಡ್ಡ ಸಂಖ್ಯೆಯನ್ನೇ ಹೇಳಿದರು. ಇನ್ನೂ ದೊಡ್ಡ ವ್ಯತ್ಯಾಸವೊಂದಿದೆ. ಆಟದಲ್ಲಿ ಬಿದ್ದ ಜಾಗದಲ್ಲಿ ಕಾಯುತ್ತಿರುವುದು ಶತ್ರುವಾದ ನೆರಳು. ಪಾಪನಿವೇದನೆಗೆ ಹೋದ ನಮಗಾಗಿ ಅಲ್ಲಿ ಕಾಯುತ್ತಿರುವವರು ಊಟ ಸಿದ್ಧಮಾಡಿಟ್ಟ ಪ್ರಭು. ವರ್ಷಗಟ್ಟಲೆ ಪಾಪನಿವೇದನೆಗೆ ಬಾರದೆ ಚರ್ಚಿನ ಹಿಂಬಾಗಿಲಲ್ಲೇ ನಿಂತು ಹೋಗುವ ಸಹೋದರರೇ, ನೀವು ಹೆದರುತ್ತಿರುವ ಆ ನೆರಳು ಅಲ್ಲಿ ಇಲ್ಲ.

ಹಾಗಾದರೆ ಮಕ್ಕಳು ದಿನವಿಡೀ ಆಡಲಿ ಎಂದರ್ಥವೇ? ಖಂಡಿತ ಅಲ್ಲ. ಸಂತ ಥಾಮಸ್ ಅಕ್ವಿನಾಸರು ಆಟವನ್ನು ಪಾಪವೆಂದು ತಳ್ಳಲಿಲ್ಲ. ಸದಾ ಬಗ್ಗಿಸಿಯೇ ಇಟ್ಟ ಬಿಲ್ಲು ಮುರಿಯುವಂತೆ ವಿಶ್ರಾಂತಿಯಿಲ್ಲದ ಮನಸ್ಸೂ ಮುರಿಯುತ್ತದೆ ಎಂದು ಯೊವಾನ್ನರ ಹಳೆಯ ಕಥೆಯೊಂದನ್ನು ನೆನೆದರು. ಆದರೆ ಆಟಕ್ಕೂ ಹದ ಬೇಕು ಎಂದರು. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕುತಿಸ್ ವಿಡಿಯೊ ಗೇಮ್ ಆಡುತ್ತಿದ್ದ ಹುಡುಗನೇ. ವಾರಕ್ಕೆ ಒಂದು ಗಂಟೆ ಎಂದು ತಾನೇ ಮಿತಿ ಹಾಕಿಕೊಂಡಿದ್ದ. ಹದಿನೈದನೇ ವಯಸ್ಸಿಗೆ ತೀರಿಕೊಂಡ ಆತ ಪರಮಪ್ರಸಾದದ ಪವಾಡಗಳನ್ನು ಪಟ್ಟಿಮಾಡಲು ಕಂಪ್ಯೂಟರನ್ನೇ ಬಳಸಿದ್ದ. ಬಾಲಕನೇ, ಆಟದಲ್ಲಿ ಕಲಿತ ಛಲ ಆಟದೊಳಗೇ ಉಳಿದರೆ ಅದರಿಂದ ನಿನಗೇನು ಲಾಭ? ಅದನ್ನು ಗಣಿತದ ಪುಸ್ತಕದ ಮುಂದೆಯೂ ತಂದು ಕೂರಿಸು.

ಶಿಲುಬೆಹಾದಿಯಲ್ಲಿ ನಾವು ಮೂರನೇ, ಏಳನೇ, ಒಂಬತ್ತನೇ ಸ್ಥಳಗಳಲ್ಲಿ ಮೊಣಕಾಲೂರಿ ನೆನೆಯುವುದು ಪ್ರಭು ಬಿದ್ದದ್ದನ್ನು. ಅವರು ಬಿದ್ದದ್ದು ಜನರ ಕಣ್ಣೆದುರೇ. ಎದ್ದದ್ದೂ ಜನರ ಕಣ್ಣೆದುರೇ. ಊರೇ ನೋಡುತ್ತದೆ ಎಂದು ಹೆದರುವ ಪ್ರತಿಯೊಬ್ಬರ ಪಕ್ಕದಲ್ಲಿ ಅವರಿದ್ದಾರೆ.

ಈ ವಾರ ಒಂದು ಸಂಜೆ ಜಪಸರದ ನಂತರ ಐದು ನಿಮಿಷ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. ಮಕ್ಕಳ ಅಂಕ ಕೇಳುವ ಮೊದಲು, ತಂದೆತಾಯಿಯರು ತಾವು ಎಲ್ಲಿ ಬಿದ್ದಿದ್ದೆವು, ಹೇಗೆ ಎದ್ದೆವು ಎಂದು ಅವರಿಗೆ ಹೇಳಿ. ಬರುವ ಶನಿವಾರ ಮನೆಮಂದಿಯೆಲ್ಲ ಪಾಪನಿವೇದನೆಗೆ ಬನ್ನಿ. ದಡದಲ್ಲಿ ಬೆಂಕಿ ಹೊತ್ತಿಸಿ ಕಾದಿರುವ ಪ್ರಭು ನಮ್ಮೆಲ್ಲರ ಕೈಹಿಡಿದು ಎಬ್ಬಿಸಲಿ. ಆಮೆನ್.