ಲಿಥಿಯಂ-7 ಮತ್ತು ರೊಂಗೆಲಾಪ್

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ ‘ಕ್ಯಾಸಲ್ ಬ್ರಾವೊ’ ಬಾಂಬಿನ ಶಕ್ತಿ ಸುಮಾರು 6 ಮೆಗಾಟನ್ ಇರಬಹುದೆಂದು ಅಂದಾಜಿತ್ತು. ಅದು 15 ಮೆಗಾಟನ್ ಮುಟ್ಟಿತು. ಇಂಧನದಲ್ಲಿದ್ದ ಲಿಥಿಯಂನಲ್ಲಿ ಸುಮಾರು ಶೇ. 40 ಲಿಥಿಯಂ-6, ಉಳಿದದ್ದು ಲಿಥಿಯಂ-7. ಸ್ಫೋಟಕ್ಕೆ ಇಂಧನವಾಗುವ ಟ್ರಿಟಿಯಂ ಹುಟ್ಟುವುದು ಮೊದಲನೆಯದರಿಂದ, ಎರಡನೆಯದು ತೆಪ್ಪಗಿರುತ್ತದೆ ಎಂದು ವಿನ್ಯಾಸಕರು ಎಣಿಸಿದ್ದರು. ಆದರೆ ಅತಿವೇಗದ ನ್ಯೂಟ್ರಾನ್ ಬಡಿದಾಗ ಲಿಥಿಯಂ-7 ಕೂಡ ಒಡೆದು ಟ್ರಿಟಿಯಂ ಕೊಟ್ಟಿತು, ಜೊತೆಗೆ ಮತ್ತೊಂದು ನ್ಯೂಟ್ರಾನನ್ನೂ ಬಿಟ್ಟಿತು. ಸರಿಯಾಗಿ ಅಳೆಯದೆ ಇದ್ದುದನ್ನು ಲೆಕ್ಕಕ್ಕಿಲ್ಲದ್ದು ಎಂದು ಬಿಟ್ಟದ್ದೇ ಇಲ್ಲಿನ ತಪ್ಪು. ಅದೇ ದಿನ ಮನುಷ್ಯರ ವಿಷಯದಲ್ಲೂ ಇದೇ ತಪ್ಪು ನಡೆಯಿತು ಎಂಬುದು ನನ್ನ ವಾದ. ನೂರು ಮೈಲಿ ಆಚೆಯ, ಜನವಸತಿಯಿದ್ದ ರೊಂಗೆಲಾಪ್ ದ್ವೀಪದಲ್ಲಿ ಕೆಲವೇ ಗಂಟೆಗಳಲ್ಲಿ ಹವಳದ ವಿಕಿರಣಭರಿತ ಬಿಳಿ ಬೂದಿ ಉದುರಿತು. ಮಕ್ಕಳು ಅದರಲ್ಲಿ ಆಡಿದರು, ಕುಡಿಯುವ ನೀರಿಗೂ ಅದು ಬಿತ್ತು. ಜನರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನಗಳ ನಂತರ.

ವಿಜ್ಞಾನ ತಪ್ಪಿನಿಂದಲೇ ಕಲಿಯುತ್ತದೆ, ಲಿಥಿಯಂ-7ರ ಗುಣ ತಿಳಿದದ್ದೂ ಹಾಗೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಪ್ರಯೋಗಾಲಯದಲ್ಲಿ ತಪ್ಪಿದ ಅಳತೆ ಮರುದಿನ ತಿದ್ದಿಕೊಳ್ಳುತ್ತದೆ, ನಷ್ಟವೂ ಹೆಚ್ಚಾಗಿ ಅಳೆದವರದೇ. ಬಿಕಿನಿಯಲ್ಲಾದರೋ ಕಲಿತವರು ಒಬ್ಬರು, ದಂಡ ತೆತ್ತವರು ಇನ್ನೊಬ್ಬರು; ತೆತ್ತವರನ್ನು ಯಾರೂ ಕೇಳಿರಲಿಲ್ಲ. ‘ಡೈಗೊ ಫುಕುರ್ಯು ಮಾರು’ ಎಂಬ ಜಪಾನಿ ಮೀನುಗಾರಿಕಾ ದೋಣಿಯ 23 ಮಂದಿಯ ಮೇಲೂ ಆ ಬೂದಿ ಬಿತ್ತು. ರೇಡಿಯೊ ನಿರ್ವಾಹಕ ಕುಬೊಯಾಮ ಐಕಿಚಿ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆ ಕಾಲಕ್ಕೆ ಅಪಾಯ ಯಾರಿಗೆ ಗೊತ್ತಿತ್ತು ಎಂಬ ಎರಡನೆಯ ಆಕ್ಷೇಪ ನನಗೆ ಇನ್ನೂ ದುರ್ಬಲವಾಗಿ ಕಾಣುತ್ತದೆ. ಬಿಕಿನಿಯಲ್ಲಿ 1946ರಲ್ಲಿ ನಡೆದ ಚಿಕ್ಕ ಸ್ಫೋಟಗಳಿಗೇ ರೊಂಗೆಲಾಪ್ ಜನರನ್ನು ಮುಂಚಿತವಾಗಿ ಬೇರೆಡೆಗೆ ಕಳಿಸಿದ್ದರು. ಎಷ್ಟೋ ಪಟ್ಟು ದೊಡ್ಡ ಬಾಂಬಿಗೆ ಅಷ್ಟನ್ನೂ ಮಾಡಲಿಲ್ಲ. ಬ್ರಾವೊ ಸಿಡಿದ ತಿಂಗಳೊಪ್ಪತ್ತಿಗೆ, ಏಪ್ರಿಲ್ 2ರಂದು, ಇಂಥ ಪರೀಕ್ಷೆಗಳನ್ನಾದರೂ ನಿಲ್ಲಿಸಿ ಎಂದು ನೆಹರೂ ಲೋಕಸಭೆಯಲ್ಲಿ ಒತ್ತಾಯಿಸಿದರು. ಅಪಾಯವನ್ನು ಗುರುತಿಸಲು ಬೇಕಾದ ವಿವೇಕ ಆ ಕಾಲಕ್ಕೂ ದೊರೆಯುತ್ತಿತ್ತು.

ಇಂದಿನ ಪರಮಾಣು ದತ್ತಾಂಶ ಕೋಶಗಳಲ್ಲಿ ಅನೇಕ ಅಳತೆಗಳ ಪಕ್ಕದಲ್ಲಿ ಅವುಗಳ ಅನಿಶ್ಚಿತತೆಯನ್ನೂ ನಮೂದಿಸುತ್ತಾರೆ. ಈ ಪ್ರಾಮಾಣಿಕತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದು ಭೌತಶಾಸ್ತ್ರಜ್ಞರ ಕೋಷ್ಟಕಕ್ಕೇ ಸೀಮಿತವಾಗಬಾರದು. ಬಾಂಬಿನ ವಿನ್ಯಾಸವನ್ನು ಗುಟ್ಟಾಗಿಡಲು ಕಾರಣಗಳಿರಬಹುದು, ಒಪ್ಪೋಣ. ಒಬ್ಬ ತಾಯಿ ಕುಡಿದ ನೀರಿನಲ್ಲಿ ಎಷ್ಟು ವಿಕಿರಣವಿತ್ತು, ಆ ಅಂದಾಜು ಎಷ್ಟು ನಂಬಲರ್ಹ ಎಂಬುದನ್ನು ಅವಳಿಗೆ ಹೇಳದಿರಲು ಯಾವ ಭದ್ರತೆಯ ನೆಪವೂ ಸಲ್ಲದು. 1957ರಲ್ಲಿ ರೊಂಗೆಲಾಪ್ ಸುರಕ್ಷಿತ ಎಂದು ಹೇಳಿ ಜನರನ್ನು ಮರಳಿ ಕರೆತಂದರು, ಅವರ ದೇಹಗಳ ಅಧ್ಯಯನವನ್ನೂ ಮುಂದುವರಿಸಿದರು. ಆ ‘ಸುರಕ್ಷಿತ’ದ ಮೇಲೆ ನಂಬಿಕೆ ಕಳೆದುಕೊಂಡ ಅವರು 1985ರಲ್ಲಿ ಗ್ರೀನ್‌ಪೀಸ್‌ನ ಹಡಗು ಹತ್ತಿ ತಾವಾಗಿಯೇ ದ್ವೀಪ ತೊರೆದರು.