ನಿತ್ಯವೂ ನೈಮಿತ್ತಿಕವೂ

ನಮ್ಮ ಪೂರ್ವಿಕರು ಮನುಷ್ಯನ ಕರ್ತವ್ಯಗಳನ್ನು ನಿತ್ಯವೆಂದೂ ನೈಮಿತ್ತಿಕವೆಂದೂ ವಿಂಗಡಿಸಿದರು. ಪ್ರತಿದಿನವೂ ತಪ್ಪದೆ ನಡೆಯತಕ್ಕದ್ದು ನಿತ್ಯ; ನಿಮಿತ್ತವೊದಗಿದಾಗ ಮಾತ್ರ ನಡೆಯತಕ್ಕದ್ದು ನೈಮಿತ್ತಿಕ. ಸಂಧ್ಯಾವಂದನೆ ಮೊದಲನೆಯದಕ್ಕೂ ಗ್ರಹಣಸ್ನಾನ ಎರಡನೆಯದಕ್ಕೂ ದೃಷ್ಟಾಂತ. ಇದು ಬರಿಯ ಕರ್ಮಕಾಂಡದ ಮಾತೆಂದು ಬದಿಗಿಡುವವರುಂಟು. ಆದರೆ ಈ ವಿಂಗಡಣೆ ಊರುಗಳ ಬಾಳಿಗೂ ಅನ್ವಯಿಸುವುದೆಂದು ನನಗೆ ತೋರುತ್ತದೆ. ಒಂದು ಊರು ತನ್ನ ಉತ್ಸವಗಳಿಂದ ಹೆಸರಾಗಿ, ಆ ಹೆಸರಿನೊಡನೆ ಬೆಳೆಯುತ್ತ ಹೋದರೆ, ಅದರ ನಿತ್ಯಜೀವನದ ಗತಿಯೇನು? ನೈಮಿತ್ತಿಕವು ನಿತ್ಯವನ್ನು ಪೋಷಿಸುವುದೋ, ಮರೆಸುವುದೋ?

ನೀರು ನೆರಳುಗಳು ಸಮೃದ್ಧವಾಗಿರುವ ನಾಡಿನಲ್ಲಿ ಈ ಪ್ರಶ್ನೆ ಅಷ್ಟಾಗಿ ಕಾಡದು. ಅಲ್ಲಿ ನಿತ್ಯದ ವೆಚ್ಚವನ್ನು ಪ್ರಕೃತಿಯೇ ಸದ್ದಿಲ್ಲದೆ ತೆರುತ್ತಿರುತ್ತದೆ. ಮರುಭೂಮಿಯಲ್ಲಿ ಹಾಗಲ್ಲ. ಆದಕಾರಣ ಮರಳುನಾಡಿನ ಒಂದು ಊರನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳುವೆನು. ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ಕೋಚೆಲ್ಲ ಎಂಬ ಕಣಿವೆಯೊಳಗೆ, ಸಮುದ್ರಮಟ್ಟಕ್ಕಿಂತ ತುಸು ಕೆಳಗಿರುವ ಇಂಡಿಯೋ ನಗರವೇ ಅದು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 3 ಅಂಗುಲ. ಬೇಸಗೆಯ ಹಗಲಿನ ತಾಪ 40 ಅಂಶ ಸೆಂಟಿಗ್ರೇಡನ್ನು ಮೀರುವುದು ಅಲ್ಲಿ ವಿಶೇಷವಲ್ಲ. ಆದರೂ 2000ದಲ್ಲಿ ಐವತ್ತು ಸಾವಿರಕ್ಕೆ ಸಮೀಪದಲ್ಲಿದ್ದ ಜನಸಂಖ್ಯೆ 2020ರ ಗಣತಿಯಲ್ಲಿ 89,000ವನ್ನು ದಾಟಿತ್ತು. ಆ ನಗರ ತನ್ನನ್ನು ‘ಉತ್ಸವಗಳ ನಗರ’ವೆಂದು ಕರೆದುಕೊಳ್ಳುತ್ತದೆ.

ಈ ಊರಿನ ಮೂಲದಲ್ಲಿಯೇ ಒಂದು ಋಣವಿದೆ. 1876ರಲ್ಲಿ ರೈಲುದಾರಿ ಬಂದು ನಿಂತ ಮೇಲೆ ಊರು ಹುಟ್ಟಿತೆನ್ನುವರು. ಆದರೆ ಅದಕ್ಕೆ ಎಷ್ಟೋ ಕಾಲ ಮುಂಚೆ ಕವೀಯ ಎಂಬ ಮೂಲಜನರು ಮರಳನ್ನು ಕೈಯಿಂದ ತೋಡಿ, ನಡೆದಿಳಿದು ನೀರು ತರುವಂತಹ ಬಾವಿಗಳನ್ನು ಮಾಡಿಕೊಂಡು ಆ ಕಣಿವೆಯಲ್ಲಿ ಬಾಳುತ್ತಿದ್ದರು. ರೈಲು ಬಂದ ಆ ವರ್ಷದಲ್ಲಿಯೇ ಅವರ ಒಂದು ಪಂಗಡಕ್ಕೆ ಸರಕಾರವು ಮೀಸಲು ಭೂಮಿಯೆಂದು ಗೆರೆ ಎಳೆದುಕೊಟ್ಟಿತು. ತಮ್ಮದಾಗಿದ್ದುದರ ಒಂದು ತುಂಡನ್ನು ದಾನದಂತೆ ಪಡೆದವರು ಅವರು.

ಎರಡನೆಯ ಋಣ ಖರ್ಜೂರದ್ದು. ಆ ಮರ ಅಲ್ಲಿನದಲ್ಲ. ಇಪ್ಪತ್ತನೆಯ ಶತಮಾನದ ಆದಿಯಿಂದ ಅದರ ಸಸಿಗಳನ್ನು ಆಫ್ರಿಕಾದ ಉತ್ತರಭಾಗದಿಂದಲೂ ಅರಬ್ಬರ ನಾಡಿನಿಂದಲೂ ತಂದು ನೆಟ್ಟರು. ಮೆಡ್ಜೂಲ್ ಎಂಬ ಜಾತಿಯ ಕಥೆಯಂತೂ ನೆನಪಿಡತಕ್ಕದ್ದು. ಮೊರಾಕೋ ದೇಶದಲ್ಲಿ ಖರ್ಜೂರದ ಮರಗಳು ರೋಗದಿಂದ ಸಾಯುತ್ತಿದ್ದಾಗ, 1927ರಲ್ಲಿ ಅಲ್ಲಿಂದ 11 ಸಸಿಗಳು ಅಮೆರಿಕೆಗೆ ಬಂದವು. ಅವನ್ನು ಮೊದಲು ನೆವಾಡಾ ಸಂಸ್ಥಾನದಲ್ಲಿ ಪ್ರತ್ಯೇಕವಾಗಿ ಇಟ್ಟರು. ಉಳಿದುಕೊಂಡವು ಒಂಬತ್ತು, ಅವುಗಳ ಸಂತಾನವೇ ಮುಂದೆ ಈ ಕಣಿವೆಯ ತೋಟಗಳಲ್ಲಿ ಹಬ್ಬಿತು. ಇಂದಿಗೂ ಆ ಮರಕ್ಕೆ ಮನುಷ್ಯನ ಕೈ ಬೇಕು. ಗಂಡುಮರದ ಪರಾಗವನ್ನು ಹೆಣ್ಣುಮರದ ಹೂಗೊಂಚಲಿಗೆ ಸೇರಿಸಲು ಆಳುಗಳು ಎತ್ತರಕ್ಕೆ ಏರಬೇಕು. ಗೊನೆಗಳಿಗೆ ಮುಸುಕು ಕಟ್ಟಬೇಕು. ಹಣ್ಣು ಕುಯ್ಯಲು ಮತ್ತೆ ಏರಬೇಕು.

ಮೂರನೆಯದು ನೀರಿನ ಋಣ. ಕೊಲೊರಾಡೋ ನದಿಯಿಂದ ಕಾಲುವೆಯ ನೀರು 1940ರ ದಶಕದ ಕೊನೆಗೆ ಕಣಿವೆಯನ್ನು ಮುಟ್ಟಿತು. ಏಳು ಸಂಸ್ಥಾನಗಳೂ ಮೆಕ್ಸಿಕೋ ದೇಶವೂ ಹಂಚಿಕೊಳ್ಳುವ ಆ ನದಿಯಲ್ಲಿ ಸಮುದ್ರಕ್ಕೆ ಸಲ್ಲುವ ಪಾಲು ಸಾಮಾನ್ಯವಾಗಿ ಉಳಿಯುವುದೇ ಇಲ್ಲ. ಅಂತರ್ಜಲವನ್ನು ಅತಿಯಾಗಿ ಎತ್ತಿದ್ದರಿಂದ ಕಣಿವೆಯ ಕೆಲವೆಡೆ ನೆಲವೇ ಕುಸಿದುದನ್ನು ಭೂವಿಜ್ಞಾನಿಗಳು ಅಳೆದರು. ಬಳಿಕ ನದಿಯ ನೀರನ್ನು ಭೂಮಿಗೆ ಇಂಗಿಸುವ ಕಾರ್ಯ ಹೆಚ್ಚಿತು.

ಈಗ ಉತ್ಸವಗಳನ್ನು ನೋಡೋಣ. ಖರ್ಜೂರದ ಸುಗ್ಗಿಯ ಹಬ್ಬ 1921ರಲ್ಲಿ ಮೊದಲಾಗಿ, ನಡುವೆ ನಿಂತು, 1947ರಿಂದ ಅರೇಬಿಯದ ಕಥೆಗಳ ವೇಷಭೂಷಣಗಳೊಡನೆ ನಡೆಯತೊಡಗಿತು. ಒಂಟೆಗಳ ಓಟವೂ ಅದರಲ್ಲಿ ಸೇರಿತು. 1992ರಲ್ಲಿ ತಮಾಲೆಯ ಹಬ್ಬ ಆರಂಭವಾಯಿತು. ತಮಾಲೆ ಎಂದರೆ ಮುಸುಕಿನ ಜೋಳದ ಹಿಟ್ಟಿನಲ್ಲಿ ಹೂರಣವಿಟ್ಟು, ಅದರದೇ ತೆನೆಯ ಸಿಪ್ಪೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸುವ ಒಂದು ಬಗೆಯ ಕಡುಬು. ಮೆಕ್ಸಿಕೋ ಮೂಲದ ಮನೆಗಳಲ್ಲಿ ಹೆಂಗಸರು ಒಟ್ಟಿಗೆ ಕುಳಿತು ಮಾಡುವ ತಿಂಡಿ ಅದು. ಕೊನೆಯದಾಗಿ, 1999ರಲ್ಲಿ ಪೋಲೋ ಆಟದ ಮೈದಾನವೊಂದರಲ್ಲಿ ತೊಡಗಿದ ಕೋಚೆಲ್ಲ ಸಂಗೀತೋತ್ಸವ 2012ರಿಂದ ಏಪ್ರಿಲಿನ ಎರಡು ವಾರಾಂತ್ಯಗಳಿಗೆ ಹಬ್ಬಿತು. ಒಂದೊಂದು ದಿನ ಅಲ್ಲಿ ಸೇರುವ ಜನ ಊರಿನ ಒಟ್ಟು ಜನಸಂಖ್ಯೆಯನ್ನೇ ಮೀರಬಲ್ಲರು.

ಇದನ್ನು ಕಂಡು ವಿರಕ್ತನು ಹೇಳಬಹುದು: ನೀರಿಲ್ಲದ ಕಡೆ ಊರೇ ಸಲ್ಲದು, ಉತ್ಸವವಂತೂ ಸಲ್ಲದು ಎಂದು. ಈ ಮಾತನ್ನು ನಾನು ಒಪ್ಪಲಾರೆನು. ಮರುಭೂಮಿಯಲ್ಲಿ ಬಾಳಲಾಗದೆಂಬುದನ್ನು ಕವೀಯರ ಬಾವಿಗಳೇ ಸುಳ್ಳುಮಾಡುತ್ತವೆ. ಬಿಸಿಲಲ್ಲಿ ಬೆಂದವನಿಗೆ ಒಂದು ಸಂಜೆಯ ಸಂತೋಷವೂ ಕೂಡದೆನ್ನುವುದು ನೀತಿಯಲ್ಲ, ಕಾಠಿನ್ಯ. ಇದಕ್ಕೆ ಎದುರಾಗಿ ವರ್ತಕನು ಹೇಳುವನು: ಉತ್ಸವದಿಂದ ನಗರಸಭೆಗೆ ಆದಾಯವಿದೆ, ಜನಕ್ಕೆ ಕೆಲಸವಿದೆ, ಇನ್ನು ವಿಚಾರವೇಕೆ? ಆದಾಯವನ್ನು ನಾನೂ ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕ ಸರಿಹೋದ ಮಾತ್ರಕ್ಕೆ ಋಣ ತೀರಿತೆನ್ನಲಾದೀತೆ? ಮನೆಯಲ್ಲಿ ಮದುವೆ ನಡೆದಾಗ ಅಡಿಗೆಯವನಿಗೆ ಕೂಲಿ ಕೊಟ್ಟರೆ ಸಾಲದು. ಅವನು ಉಂಡನೇ ಎಂದು ಕೇಳುವುದು ಗೃಹಸ್ಥನ ಧರ್ಮ.

ನನ್ನ ಅಭಿಪ್ರಾಯವಿಷ್ಟೆ. ಉತ್ಸವವೆಂಬುದು ನಿತ್ಯದ ಕೃತಜ್ಞತೆ. ಸುಗ್ಗಿಯಾದ ಮೇಲೆ ಹಬ್ಬ ಬರುವುದು ಇದಕ್ಕಾಗಿಯೇ. ದುಡಿದವನೂ, ನೆಲವೂ, ನೀರೂ ಅದರಲ್ಲಿ ನೆನೆಯಲ್ಪಡಬೇಕು. ಈ ದೃಷ್ಟಿಯಿಂದ ನೋಡಿದರೆ, ಮನೆಯ ಒಲೆಯಿಂದಲೇ ಬೀದಿಗೆ ಬಂದ ತಮಾಲೆಯ ಹಬ್ಬ ನಿತ್ಯಕ್ಕೆ ಹತ್ತಿರದ್ದು. ಖರ್ಜೂರದ ಹಬ್ಬ ಅರ್ಧ ಹತ್ತಿರದ್ದು. ಮರವನ್ನು ಅದು ನೆನೆಯಿತು, ಆದರೆ ಮರ ಏರುವವನ ಬದಲು ಕಥೆಯ ಸುಲ್ತಾನನಿಗೆ ವೇಷ ತೊಡಿಸಿತು. ಸಂಗೀತದ ಮಹೋತ್ಸವ ಇನ್ನೂ ಅತಿಥಿಗಳದ್ದೇ. ಅದು ತಪ್ಪೆಂದಲ್ಲ, ಅತಿಥಿಸತ್ಕಾರವೂ ಧರ್ಮವೇ. ಆದರೆ ಅತಿಥಿಗಳ ಹೆಸರಿನಲ್ಲಿ ಮನೆಯವರು ತಮ್ಮನ್ನು ಮರೆತರೆ ಆ ಮನೆ ಛತ್ರವಾಗುವುದು.

ಏಪ್ರಿಲಿನ ಗುಡಾರಗಳು ಎದ್ದುಹೋದ ಮೇಲೆ ಜುಲೈ ತಿಂಗಳು ಬರುತ್ತದೆ. ಆಗ ಆ ನಗರದಲ್ಲಿ ಉಳಿಯುವವರು ಅಲ್ಲಿ ಬಾಳತಕ್ಕವರು ಮಾತ್ರ. ಆ ಬಿಸಿಲಿನಲ್ಲಿ ಖರ್ಜೂರದ ಗೊನೆ ಕಾಯುವವನ ಮನೆಗೆ ನೆರಳಿದೆಯೇ, ಅವನ ಮಕ್ಕಳ ಕಾಲಕ್ಕೂ ಕಾಲುವೆಯಲ್ಲಿ ನೀರಿರುವುದೇ, ಮೊದಲು ಬಾವಿ ತೋಡಿದವರಿಗೆ ಊರಿನ ಮಾತಿನಲ್ಲಿ ಪಾಲಿದೆಯೇ ಎಂದು ಕೇಳುವವರು ನಗರಸಭೆಯಲ್ಲಿದ್ದರೆ, ಏಪ್ರಿಲಿನ ದೀಪಗಳನ್ನು ಕಂಡು ನಾವೂ ಸಂತೋಷಪಡಬಹುದು. ಇಲ್ಲವಾದರೆ ಆ ಊರು ಎಷ್ಟೇ ಬೆಳೆದರೂ ಅದು ಹಬ್ಬದ ದಿನ ಬೆಳೆದಷ್ಟೇ ಎಂದು ತಿಳಿಯತಕ್ಕದ್ದು.