ಕೇಳಿದ ಮಾತು, ಕಂಡ ಸತ್ಯ

ಓದುಗರೇ, ಹಂಪಿ ಬಜಾರಿಗೆ ಹೋದವರು ಅಲ್ಲಿನ ಮಂಗಗಳ ಹಿಂಡನ್ನು ಕಂಡೇ ಇರುತ್ತೀರಿ. ಒಂದು ಮಂಗ ಅಪಾಯದ ಕೂಗು ಹಾಕಿದರೆ ಸಾಕು, ಉಳಿದವು ಸಾಲುಮಂಟಪ, ಬಂಡೆಗಳ ಮೇಲೇರುತ್ತವೆ. ಇದು ಮೂರ್ಖತನವೇ? ಅಲ್ಲ. ಚಿರತೆ ಬಂದಾಗ ವಿಚಾರಣೆಗೆ ಕುಳಿತರೆ ಪ್ರಾಣ ಉಳಿಯದು. ಕೂಗು ಸುಳ್ಳಾದರೂ ನಷ್ಟವಾಗುವುದು ಒಂದು ಬಾಳೆಹಣ್ಣು ಮಾತ್ರ.

ಆದರೆ ಹೊಸ ಮನೆ ಹುಡುಕುವ ಜೇನುನೊಣಗಳ ರೀತಿ ಬೇರೆ. ಯುರೋಪಿನ ಜೇನುಗಳಲ್ಲಿ ಇದನ್ನು 1950ರ ದಶಕದಲ್ಲಿ ಮಾರ್ಟಿನ್ ಲಿಂಡಾವರ್ ಎಂಬ ವಿಜ್ಞಾನಿ ಗಮನಿಸಿದರು. ಜಾಗ ಕಂಡು ಬಂದ ನೊಣವು ಕುಣಿದು ಅದರ ದಿಕ್ಕು, ದೂರಗಳನ್ನು ತಿಳಿಸುತ್ತದೆ. ಕುಣಿತ ಕಂಡ ಇತರ ನೊಣಗಳು ತಕ್ಷಣ ತಾವೂ ಕುಣಿಯುವುದಿಲ್ಲ. ಅಲ್ಲಿಗೆ ಹಾರಿ, ಪರೀಕ್ಷಿಸಿ, ಒಪ್ಪಿಗೆಯಾದರೆ ಮಾತ್ರ ಕುಣಿಯುತ್ತವೆ. ಹೀಗೆ ರಾಣಿಯ ಆಜ್ಞೆ ಇಲ್ಲದೆಯೇ ಸಾವಿರಾರು ನೊಣಗಳು ಒಂದು ತೀರ್ಮಾನಕ್ಕೆ ಬರುತ್ತವೆ.

ಪವಿತ್ರ ಕುರ್‌ಆನಿನ 27ನೇ ಅಧ್ಯಾಯದಲ್ಲಿ ಈ ಎರಡು ರೀತಿಗಳೂ ಇವೆ. ಸುಲೈಮಾನರ(ಅ) ಸೈನ್ಯವನ್ನು ಕಂಡ ಇರುವೆಯೊಂದು ತನ್ನವರಿಗೆ ಗೂಡು ಸೇರುವಂತೆ ಎಚ್ಚರಿಸುತ್ತದೆ. ಅದು ರಕ್ಷಣೆಯ ಕೂಗು. ಅದೇ ಅಧ್ಯಾಯದಲ್ಲಿ ಹುದ್‌ಹುದ್ ಪಕ್ಷಿಯು ಸಬಾದ ಜನರ ಬಗ್ಗೆ ಸುದ್ದಿ ತರುತ್ತದೆ. ಸುಲೈಮಾನರು(ಅ) ಅದನ್ನು ಕೂಡಲೇ ನಂಬಲಿಲ್ಲ, ತಳ್ಳಿಹಾಕಲೂ ಇಲ್ಲ. ನಿಜವೋ ಸುಳ್ಳೋ ನೋಡುವೆವೆಂದು ಪತ್ರ ಕೊಟ್ಟು ಕಳುಹಿಸಿದರು. ಏಕೆಂದರೆ ಅದು ಇನ್ನೊಂದು ಜನಾಂಗದ ಮೇಲಿನ ಮಾತಾಗಿತ್ತು.

ನಾವಾದರೋ ಇದನ್ನು ತಲೆಕೆಳಗು ಮಾಡಿದ್ದೇವೆ. ನೆರೆಮನೆಯವನ ನಡತೆ, ಒಬ್ಬ ಹೆಣ್ಣುಮಗಳ ಮಾನ, ಇನ್ನೊಂದು ಸಮುದಾಯದ ಉದ್ದೇಶ - ಇವುಗಳ ಬಗ್ಗೆ 'ಅಂತೆ' ಎಂಬ ಒಂದು ಪದ ಕಿವಿಗೆ ಬಿದ್ದರೆ ಸಾಕು, ಮಂಗಗಳಂತೆ ಓಡುತ್ತೇವೆ. ಇಲ್ಲಿ ನಷ್ಟವಾಗುವುದು ಬಾಳೆಹಣ್ಣಲ್ಲ, ಒಬ್ಬರ ಬದುಕು.

"ಹತ್ತು ಜನ ಹೇಳಿದರು" ಎನ್ನುತ್ತೇವೆ. ಆ ಹತ್ತೂ ಜನ ಒಬ್ಬನಿಂದಲೇ ಕೇಳಿದ್ದರೆ ಅದು ಹತ್ತು ಸಾಕ್ಷ್ಯವಾಗದು, ಒಂದೇ ಮಾತಿನ ಹತ್ತು ಪ್ರತಿಧ್ವನಿಯಾದೀತು. ಜೇನಿನ ತೀರ್ಮಾನಕ್ಕೆ ಬಲ ಬರುವುದು ನೋಡಿ ಬಂದ ಕಣ್ಣುಗಳಿಂದ.

ಎಲ್ಲವನ್ನೂ ಪರೀಕ್ಷಿಸಲು ನಮ್ಮಿಂದ ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯವಿಲ್ಲ, ನಿಜ. ಆದರೆ ಹೋಗಿ ನೋಡದ ನೊಣ ಕುಣಿಯುವುದಿಲ್ಲ. ವಿಚಾರಿಸಲಾಗದ ಮಾತನ್ನು ನಮ್ಮಲ್ಲಿಯೇ ನಿಲ್ಲಿಸುವುದಾದರೂ ನಮ್ಮಿಂದಾಗದೇ?